ಕೋವಿಯ ನಳಿಗೆಯೂ ಗುಂಡಿನ ವೇಗವೂ

ನಮ್ಮ ಸೋದರಮಾವನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಮಲೆನಾಡಿನಲ್ಲಿ ಇದೇನೂ ವಿಶೇಷವಲ್ಲ. ಗದ್ದೆಗೆ ಹಂದಿ ಬೀಳುವ ಊರು. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರುವ ಕೋವಿಗಳು ಅಲ್ಲಿ ಬೇಕಾದಷ್ಟಿವೆ. ಮಾವನ ಕೋವಿಯ ಹೆಗ್ಗಳಿಕೆ ಅದರ ಉದ್ದ. ಊರಿನ ಕೋವಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅದು ಒಂದು ಗೇಣು ಮೇಲೆ ನಿಲ್ಲುತ್ತಿತ್ತು. ಅಟ್ಟದ ಮೇಲೆ ನೆಟ್ಟಗೆ ಇಡಲು ಸ್ಥಳ ಸಾಲದೆ ಮೂಲೆಯಿಂದ ಮೂಲೆಗೆ ಮಲಗಿಸಿಡುತ್ತಿದ್ದರು.

“ನಳಿಗೆ ಉದ್ದ ಇದ್ದಷ್ಟೂ ಈಡು ಬಲ” ಎಂಬುದು ಮಾವನ ಸಿದ್ಧಾಂತ. ನಾನು ಆಗ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ಓದಿದ್ದು ಎರಡೇ ವರ್ಷವಾದರೂ ಅಹಂಕಾರಕ್ಕೆ ಅಷ್ಟು ಸಾಕು. “ಗುಂಡನ್ನು ನೂಕುವುದು ಮದ್ದು, ಮಾವ. ನಳಿಗೆ ಬರಿಯ ದಾರಿ. ದಾರಿ ಉದ್ದವಾದರೆ ನಡೆಯುವವನಿಗೆ ದಣಿವಲ್ಲದೆ ವೇಗ ಬರುತ್ತದೆಯೇ?” ಎಂದೆ. ಅವರು ಎಲೆಯಡಿಕೆ ಉಗುಳಿ ಬಂದು ನಿಧಾನವಾಗಿ ಕೇಳಿದರು: “ಹಾಗಾದ್ರೆ ಸರ್ಕಾರ ಸಿಪಾಯಿಗೆಲ್ಲ ಒಂದೊಂದು ಪಿಸ್ತೂಲು ಕೊಟ್ಟು ಸುಮ್ಮನಿರಬಹುದಿತ್ತು. ಅಷ್ಟುದ್ದದ ಬಂದೂಕು ಯಾಕೆ ಹೊರಿಸ್ತದೆ, ಹೇಳು ನೋಡುವ.” ನನ್ನಲ್ಲಿ ಉತ್ತರವಿರಲಿಲ್ಲ. ಹಳ್ಳಿಯವರ ಮಾತೆಂದು ನಕ್ಕುಬಿಟ್ಟೆ.

ಆ ಪ್ರಶ್ನೆಗೆ ಉತ್ತರ ಹುಡುಕಿದ್ದು ಬಹಳ ವರ್ಷಗಳ ಮೇಲೆ. ಅಷ್ಟರಲ್ಲಿ ಕೇಳಿದವರು ತೀರಿಕೊಂಡಿದ್ದರು. ಅವರಿಗೆ ಹೇಳಬೇಕಾಗಿದ್ದದ್ದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಚಿಕ್ಕಂದಿನಲ್ಲಿ ನಿಮ್ಮಲ್ಲಿ ಕೆಲವರಾದರೂ ಬಿದಿರಿನ ಪೆಟ್ಲು ಆಡಿರಬಹುದು. ಸಣ್ಣ ಬಿದಿರಿನ ಕೊಳವೆ. ಅದರ ಎರಡು ಕೊನೆಗೂ ಒಂದೊಂದು ಕಾಯಿ. ಹಿಂದಿನ ಕಾಯನ್ನು ಕೋಲಿನಿಂದ ಒತ್ತುತ್ತ ಹೋದರೆ ನಡುವೆ ಸಿಕ್ಕಿದ ಗಾಳಿ ಅಡಕವಾಗಿ, ಮುಂದಿನ ಕಾಯಿ ‘ಫಟ್’ ಎಂದು ಹಾರುತ್ತದೆ. ಕೋವಿಯಲ್ಲಿ ನಡೆಯುವುದೂ ಇದೇ. ಕೋಲು ಮಾಡುವ ಕೆಲಸವನ್ನು ಅಲ್ಲಿ ಬೆಂಕಿ ಮಾಡುತ್ತದೆ. ಮದ್ದು ಉರಿದು ಬಿಸಿ ಅನಿಲವಾಗುತ್ತದೆ. ಬೆರಳಗಲದ ಜಾಗದಲ್ಲಿ ಹಿಡಿಸಲಾರದಷ್ಟು ಅನಿಲ. ಅದು ಗುಂಡಿನ ಬೆನ್ನಿಗೆ ಬಿದ್ದು ನೂಕುತ್ತದೆ. ಆದ್ದರಿಂದ ನಾನು ಮಾವನಿಗೆ ಹೇಳಿದ ಹೋಲಿಕೆಯೇ ತಪ್ಪು. ನಳಿಗೆಯಲ್ಲಿ ಗುಂಡು ತಾನಾಗಿ ನಡೆಯುವ ದಾರಿಗನಲ್ಲ. ಹಿಂದಿನಿಂದ ಒಂದೇ ಸಮನೆ ನೂಕಿಸಿಕೊಳ್ಳುವ ಗಾಡಿ. ಎಷ್ಟು ದೂರ ನೂಕುತ್ತೀರೋ ಅಷ್ಟು ವೇಗ ಕೂಡುತ್ತದೆ. ನಳಿಗೆಯ ಬಾಯಿ ದಾಟಿದೊಡನೆ ನೂಕುವವನು ಕೈಬಿಟ್ಟ ಹಾಗೆ. ಆಮೇಲೆ ಗುಂಡಿಗೆ ಗಾಳಿಯ ತಡೆಯೂ ಭೂಮಿಯ ಸೆಳೆತವೂ ಉಂಟೇ ಹೊರತು ಹೊಸ ವೇಗವೆಲ್ಲಿಂದ ಬಂದೀತು?

ಇಷ್ಟರ ಮಟ್ಟಿಗೆ ಮಾವನ ಮಾತೇ ಸರಿ. ಆದರೆ ‘ಇದ್ದಷ್ಟೂ’ ಎಂದರಲ್ಲ, ತೊಡಕಿರುವುದು ಅಲ್ಲಿ.

ಈ ತೊಡಕನ್ನು ಮೊದಲು ಲೆಕ್ಕಕ್ಕೆ ತಂದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ಹುಟ್ಟಿದ್ದು ೧೭೦೭ರಲ್ಲಿ, ಬಾತ್ ಪಟ್ಟಣದಲ್ಲಿ. ತಂದೆತಾಯಿಗಳು ಕ್ವೇಕರ್ ಪಂಥದವರು. ಯುದ್ಧವೇ ಕೂಡದೆಂಬ ಮತ. ಅಂಥ ಮನೆಯಲ್ಲಿ ಹುಟ್ಟಿದವನು ೧೭೪೨ರಲ್ಲಿ ಫಿರಂಗಿ ಬಂದೂಕುಗಳ ಶಾಸ್ತ್ರದ ಮೇಲೆ ಒಂದು ಚಿಕ್ಕ ಪುಸ್ತಕ ಬರೆದ. ಆ ಶಾಸ್ತ್ರ ಅಲ್ಲಿಂದ ಮುಂದೆ ಬೇರೆಯೇ ಆಯಿತು. ಅದರ ಬೆಲೆಯನ್ನು ಅರಿತ ಮಹಾ ಗಣಿತಜ್ಞ ಆಯ್ಲರ್ ತಾನೇ ಕುಳಿತು ೧೭೪೫ರಲ್ಲಿ ಜರ್ಮನ್ ಭಾಷೆಗೆ ತಂದ. ಟಿಪ್ಪಣಿ ಬರೆಯುತ್ತ ಹೋಗಿ ಪುಸ್ತಕವನ್ನು ಹಲವು ಪಟ್ಟು ಬೆಳೆಸಿಬಿಟ್ಟ.

ಗುಂಡಿನ ವೇಗವನ್ನು ಅಳೆಯುವುದಾದರೂ ಹೇಗೆ? ಕಣ್ಣಿಗೆ ಕಾಣದು, ಅಂದಿನ ಗಡಿಯಾರಕ್ಕೆ ಸಿಕ್ಕದು. ರಾಬಿನ್ಸ್ ಮಾಡಿದ ಉಪಾಯ ಎಷ್ಟು ಸರಳವೆಂದರೆ ನಮ್ಮ ಊರಿನ ಆಚಾರಿಯೂ ಕಟ್ಟಿಕೊಡಬಹುದು. ಮೂರು ಕಾಲಿನ ಒಂದು ಚೌಕಟ್ಟಿನಿಂದ ಭಾರವಾದ ಹಲಗೆಯೊಂದನ್ನು ಉಯ್ಯಾಲೆಯ ಹಾಗೆ ತೂಗುಹಾಕಿದ. ಅದರ ಕೆಳಗೆ ಒಂದು ರಿಬ್ಬನ್ ಪಟ್ಟಿ. ಗುಂಡು ಬಂದು ಹಲಗೆಯಲ್ಲಿ ಹೂತುಕೊಂಡರೆ ಹಲಗೆ ಹಿಂದಕ್ಕೆ ತೂಗುತ್ತದೆ, ಪಟ್ಟಿ ಅಷ್ಟು ಹೊರಬರುತ್ತದೆ. ಪಟ್ಟಿಯನ್ನು ಅಳೆದು, ಹಲಗೆಯ ತೂಕವನ್ನೂ ಗುಂಡಿನ ತೂಕವನ್ನೂ ಕೂಡಿಸಿ ಲೆಕ್ಕ ಹಾಕಿದರೆ ಗುಂಡಿನ ವೇಗ ಸಿಕ್ಕಿತು. ಸೆಕೆಂಡಿಗೆ ಸಾವಿರಾರು ಅಡಿ ಓಡುವ ವಸ್ತುವನ್ನು, ಮೆಲ್ಲಗೆ ತೂಗುವ ಹಲಗೆಯ ಮೇಲೆ ಅಳೆದುಬಿಟ್ಟ. ಭೌತಶಾಸ್ತ್ರದ ಪ್ರಯೋಗಗಳಲ್ಲಿ ನನಗೆ ಅತಿ ಪ್ರಿಯವಾದವು ಮೂರೋ ನಾಲ್ಕೋ. ಇದು ಅವುಗಳಲ್ಲಿ ಒಂದು.

ಅವನ ಲೆಕ್ಕ ಹೀಗೆ. ಮದ್ದು ಉರಿದಾಗ, ಅದು ತುಂಬಿದ್ದ ಜಾಗದಲ್ಲಿಯೇ ಅನಿಲದ ಒತ್ತಡ ವಾಯುಮಂಡಲದ ಒತ್ತಡದ ಸಾವಿರ ಪಟ್ಟು ಎಂದು ಹಿಡಿದ. ಗುಂಡು ಮುಂದೆ ಹೋದಂತೆ ಅನಿಲಕ್ಕೆ ಜಾಗ ಹೆಚ್ಚುತ್ತದೆ. ಜಾಗ ಎರಡರಷ್ಟಾದರೆ ಒತ್ತಡ ಅರ್ಧ, ನಾಲ್ಕರಷ್ಟಾದರೆ ಕಾಲು. ಮುಕ್ಕಾಲು ಅಂಗುಲ ದಪ್ಪದ ಸೀಸದ ಗುಂಡು, ೪೫ ಅಂಗುಲದ ನಳಿಗೆ, ಅದರಲ್ಲಿ ಎರಡೂವರೆ ಅಂಗುಲಕ್ಕೆ ತುಸು ಮೇಲೆ ಮದ್ದು. ಗುಂಡು ಸೆಕೆಂಡಿಗೆ ೧,೬೬೮ ಅಡಿ ವೇಗದಲ್ಲಿ ಹೊರಬೀಳಬೇಕೆಂದು ಕಾಗದದ ಮೇಲೆ ಕಂಡುಕೊಂಡ. ಅನಂತರ ಉದ್ದ ಗಿಡ್ಡ ನಳಿಗೆಗಳನ್ನು ತಂದು ಹಲಗೆಗೆ ಹೊಡೆದು ನೋಡಿದ. ಲೆಕ್ಕಕ್ಕೂ ಹಲಗೆಗೂ ಬಹುಮಟ್ಟಿಗೆ ತಾಳೆಯಾಯಿತು.

ಈ ಲೆಕ್ಕದ ಗುಟ್ಟನ್ನು ಮಾವನ ಕೋವಿಯ ಮೇಲೆಯೇ ತೋರಿಸುತ್ತೇನೆ. ಅವರು ತೀರಿಕೊಂಡ ಮೇಲೆ ಒಮ್ಮೆ ಹೋಗಿದ್ದಾಗ ಅದರ ನಳಿಗೆಯನ್ನು ಟೇಪು ಹಿಡಿದು ಅಳೆದೆ: ೪೨ ಅಂಗುಲ. ನಮ್ಮವರು ಮದ್ದು ಹಾಕುವುದು ಬೆರಳಿನ ಲೆಕ್ಕದಲ್ಲಿ. ಗಜದಿಂದ ಜಡಿದ ಮೇಲೆ ಎಷ್ಟು ಬೆರಳು ನಿಂತಿತೆಂದು ನೋಡುತ್ತಾರೆ. ಎರಡೂವರೆ ಅಂಗುಲಕ್ಕೆ ತುಸು ಮೇಲೆ ನಿಂತಿತೆಂದು ಇಟ್ಟುಕೊಳ್ಳಿ. ಗುಂಡು ಮುಂದೆ ಸರಿದು ಅನಿಲದ ಜಾಗ ಮೊದಲು ಐದೂಕಾಲು ಅಂಗುಲವಾಯಿತು, ಅಂದರೆ ಇಮ್ಮಡಿ. ಆಮೇಲೆ ಹತ್ತೂವರೆ, ಆಮೇಲೆ ಇಪ್ಪತ್ತೊಂದು, ಕೊನೆಗೆ ನಲವತ್ತೆರಡು. ಹೀಗೆ ನಾಲ್ಕು ಸಲ ಇಮ್ಮಡಿಯಾಯಿತು. ಒಂದೊಂದು ಇಮ್ಮಡಿಗೂ ದೂರ ಎರಡರಷ್ಟು, ಒತ್ತಡ ಅರ್ಧ. ಆದ್ದರಿಂದ ಪ್ರತಿಯೊಂದರಲ್ಲಿಯೂ ಗುಂಡಿಗೆ ದೊರೆತ ಶಕ್ತಿ ಒಂದೇ ಸಮ. ಮೊದಲ ಎರಡೂವರೆ ಚಿಲ್ಲರೆ ಅಂಗುಲದಲ್ಲಿ ಸಿಕ್ಕಿದಷ್ಟೇ ನೂಕು ಕೊನೆಯ ೨೧ ಅಂಗುಲದಲ್ಲಿ ಸಿಕ್ಕುತ್ತದೆ!

ಈಗ ನಳಿಗೆಯನ್ನು ಸರಿಯಾಗಿ ನಡುವೆ ಕತ್ತರಿಸಿದೆವೆಂದು ಮನಸ್ಸಿನಲ್ಲಿ ಭಾವಿಸಿ. (ಮನಸ್ಸಿನಲ್ಲಿ ಮಾತ್ರ. ನಿಜವಾಗಿ ಕತ್ತರಿಸುವುದು ಅಪಾಯಕ್ಕೂ ದಾರಿ, ಸೆರೆಮನೆಗೂ ದಾರಿ.) ನಾಲ್ಕು ಪಾಲಿನಲ್ಲಿ ಒಂದು ಪಾಲು ಶಕ್ತಿ ಹೋಯಿತು. ವೇಗವು ಶಕ್ತಿಯ ವರ್ಗಮೂಲದಂತೆ ನಡೆಯುವುದರಿಂದ, ವೇಗದಲ್ಲಿ ಹೋದದ್ದು ನೂರಕ್ಕೆ ಹದಿಮೂರರಷ್ಟು. ಕೋವಿ ಅರ್ಧವಾಯಿತು, ವೇಗ ನೂರರಲ್ಲಿ ಎಂಬತ್ತೇಳು ಉಳಿಯಿತು. ಹಾಗೆಯೇ ಮಾವನ ಕೋವಿಯಿಂದ ಕೊನೆಯ ಒಂದು ಅಡಿಯನ್ನು ಮಾತ್ರ ತೆಗೆದರೆ? ನೂರಕ್ಕೆ ಏಳು ಭಾಗವೂ ಕಡಿಮೆಯಾಗದು. ಊರಿನ ಕೋವಿಗಳಿಗಿಂತ ಒಂದು ಗೇಣು ಮೇಲೆ ನಿಲ್ಲುತ್ತಿತ್ತು ಎಂದೆನಲ್ಲ, ಆ ಗೇಣಿನ ಗಳಿಕೆ ಅದಕ್ಕೂ ಕಡಿಮೆ. ಆದರೂ ಸೊನ್ನೆಯಲ್ಲ. ಸೊನ್ನೆ ಎಂದವನು ನಾನು.

ರಾಬಿನ್ಸನ ಕಥೆ ಮುಗಿಯುವುದು ನಮ್ಮ ದಕ್ಷಿಣದೇಶದಲ್ಲಿಯೇ. ಈಸ್ಟ್ ಇಂಡಿಯಾ ಕಂಪೆನಿಯವರು ತಮ್ಮ ಕೋಟೆಗಳನ್ನು ಭದ್ರಪಡಿಸಲು ಅವನನ್ನು ಮುಖ್ಯ ಎಂಜಿನಿಯರನನ್ನಾಗಿ ನೇಮಿಸಿ ಇಲ್ಲಿಗೆ ಕಳುಹಿಸಿದರು. ೧೭೫೦ರಲ್ಲಿ ಬಂದ; ೧೭೫೧ರ ಜುಲೈ ತಿಂಗಳಲ್ಲಿ, ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ, ಜ್ವರದಿಂದ ತೀರಿಕೊಂಡ. ನಲವತ್ತನಾಲ್ಕು ವರ್ಷದ ಆಯುಸ್ಸು.

ಅವನ ಕಾಲದ್ದು ಕರಿಯ ಮದ್ದು. ಬೆಂಕಿ ತಗುಲಿದರೆ ಭುಗಿಲೆಂದು ಒಮ್ಮೆಗೇ ಉರಿದುಹೋಗುವಂಥದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಗೆಯಿಲ್ಲದ ಮದ್ದು ಬಂತು. ಇದರ ಉರಿಯನ್ನು ಹದ ಮಾಡಬಹುದು. ಗುಂಡು ನಳಿಗೆಯಲ್ಲಿ ಓಡುತ್ತಿರುವಾಗಲೂ ಮದ್ದು ಇನ್ನೂ ಉರಿಯುತ್ತ ಅನಿಲವನ್ನು ಒದಗಿಸುತ್ತ ಇರುತ್ತದೆ. ಆದ್ದರಿಂದ ಒತ್ತಡ ಮೊದಲ ಕ್ಷಣದಲ್ಲಿಯೇ ತುದಿ ಮುಟ್ಟದೆ, ಗುಂಡು ಸ್ವಲ್ಪ ಸರಿದ ಮೇಲೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಹಾಗೆಂದರೂ ಮೂಲ ನಿಯಮ ತಪ್ಪುವುದಿಲ್ಲ: ಮೊದಲ ಅಂಗುಲಗಳು ದಾನಿಗಳು, ಕೊನೆಯ ಅಂಗುಲಗಳು ಜಿಪುಣರು.

ನಮ್ಮ ಪೊಲೀಸರ ಹೆಗಲ ಮೇಲೆ ಹಲವು ದಶಕ ಕಂಡ ‘ತ್ರೀ ನಾಟ್ ತ್ರೀ’ ಬಂದೂಕು ನಿಮಗೆಲ್ಲ ಗೊತ್ತು. ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾದದ್ದು. ೧೯೬೨ರಲ್ಲಿ ಹಿಮಾಲಯದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದೂ ಅದೇ. ಅದರ ಗುಂಡು ಒಂದು ತೊಲಕ್ಕೆ ಸ್ವಲ್ಪ ಕಡಿಮೆ ತೂಗುತ್ತದೆ; ೨೫ ಅಂಗುಲದ ನಳಿಗೆಯಿಂದ ಸೆಕೆಂಡಿಗೆ ೨,೪೪೦ ಅಡಿ ವೇಗದಲ್ಲಿ ಹೊರಬೀಳುತ್ತದೆ. ಒಳಗಿನ ಒತ್ತಡ ಒಂದು ಘಟ್ಟದಲ್ಲಿ ವಾಯುಮಂಡಲದ ಮೂರು ಸಾವಿರ ಪಟ್ಟು ಮುಟ್ಟುತ್ತದೆ. ನಳಿಗೆಯಲ್ಲಿ ಗುಂಡಿನ ಪ್ರಯಾಣವೆಲ್ಲ ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದೂವರೆ ಪಾಲಿನೊಳಗೆ ಮುಗಿಯುತ್ತದೆ.

ಈ ಬಂದೂಕಿಗೆ ೨೫ ಅಂಗುಲವೇ ಏಕೆ? ಇದರ ಹಿಂದೆ ಒಂದು ಜಗಳವಿದೆ. ೧೮೯೫ರಲ್ಲಿ ಬ್ರಿಟಿಷರು ತಂದ ಲೀ–ಎನ್‌ಫೀಲ್ಡ್ ಬಂದೂಕಿನ ನಳಿಗೆ ೩೦ ಅಂಗುಲದ್ದು. ಕಾಲಾಳಿಗೆ ಅದು, ಕುದುರೆ ಸವಾರನಿಗೆ ಇನ್ನೊಂದು ಗಿಡ್ಡ ಬಂದೂಕು. ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ (೧೮೯೯–೧೯೦೨) ನಡೆದ ಮೇಲೆ, ಇಬ್ಬರಿಗೂ ಒಂದೇ ಬಂದೂಕು ಸಾಕು, ೨೫ ಅಂಗುಲಕ್ಕೆ ಇಳಿಸೋಣವೆಂದು ತೀರ್ಮಾನವಾಯಿತು. ಪಂದ್ಯಗಳಲ್ಲಿ ಗುರಿ ಹೊಡೆಯುವವರು ಹುಯಿಲೆಬ್ಬಿಸಿದರು. ಕಾಲಾಳಿಗೆ ತೀರ ಗಿಡ್ಡ, ಸವಾರನಿಗೆ ಉದ್ದ, ಯಾರಿಗೂ ಆಗದ ಆಯುಧ ಎಂದು ಪತ್ರಿಕೆಗಳಲ್ಲಿ ವಾದಗಳಾದವು. ನಿಜವಾಗಿ ಹೋದದ್ದೆಷ್ಟು? ಇಂಥ ತೋಟಾಗಳಲ್ಲಿ ಒಂದು ಅಂಗುಲಕ್ಕೆ ಸೆಕೆಂಡಿಗೆ ಇಪ್ಪತ್ತು ಇಪ್ಪತ್ತೈದು ಅಡಿ ಹೆಚ್ಚು ಕಡಿಮೆಯೆಂದು ಹಿಡಿಯಬಹುದು. ಐದು ಅಂಗುಲಕ್ಕೆ ನೂರು ಅಡಿಯ ಆಸುಪಾಸು. ೨,೪೪೦ರಲ್ಲಿ ನೂರು! ಇನ್ನೂರು ಗಜ ದೂರದಲ್ಲಿ ಗುಂಡು ಬೀಳುವ ಎತ್ತರದಲ್ಲಿ ಇದರಿಂದ ಆಗುವ ವ್ಯತ್ಯಾಸ ಒಂದು ಅಂಗುಲಕ್ಕೆ ಸ್ವಲ್ಪ ಮೇಲೆ. ಹಸಿದು, ಹೆದರಿ, ಕೆಸರಿನಲ್ಲಿ ಮಲಗಿ ಹೊಡೆಯುವವನ ಕೈನಡುಕ ಇದರ ಹತ್ತರಷ್ಟು ಮಾಡುತ್ತದೆ.

ವಿನೋದವೇನೆಂದರೆ, ಅಧಿಕಾರಿಗಳಿಗೆ ಚಿಂತೆ ಹತ್ತಿದ್ದು ಗುಂಡಿನ ವೇಗದ ವಿಷಯಕ್ಕಿಂತ ಬಯೊನೆಟ್ಟಿನ ವಿಷಯದಲ್ಲಿ. ಬಂದೂಕು ಗಿಡ್ಡವಾದರೆ ಶತ್ರುವಿನ ಬಯೊನೆಟ್ಟು ನಮ್ಮವನಿಗೆ ಮೊದಲು ಮುಟ್ಟುತ್ತದಲ್ಲ! ಅದಕ್ಕಾಗಿ ೧೯೦೭ರಲ್ಲಿ, ೧೨ ಅಂಗುಲದ ಅಲಗನ್ನು ಬಿಟ್ಟು ೧೭ ಅಂಗುಲದ ಅಲಗನ್ನು ತಂದರು. ನಳಿಗೆಯಿಂದ ಕಳೆದ ಐದು ಅಂಗುಲವನ್ನು ಚೂರಿಗೆ ಸೇರಿಸಿ ಲೆಕ್ಕ ಸರಿಮಾಡಿದ ಹಾಗಾಯಿತು. ಒಟ್ಟಿನಲ್ಲಿ ಆ ಗಿಡ್ಡ ಬಂದೂಕು ಎರಡು ಮಹಾಯುದ್ಧಗಳನ್ನು ನಿಭಾಯಿಸಿತು; ಹುಯಿಲೆಬ್ಬಿಸಿದವರ ಮಾತು ನಿಲ್ಲಲಿಲ್ಲ.

ಹಾಗಾದರೆ ಇನ್ನೂ ಕತ್ತರಿಸುತ್ತ ಹೋಗಬಹುದಲ್ಲ ಎನ್ನುತ್ತೀರಾ? ಅದನ್ನೂ ಮಾಡಿ ನೋಡಿದ್ದುಂಟು. ಕಾಡಿನ ಯುದ್ಧಕ್ಕೆಂದು ೧೯೪೪ರಲ್ಲಿ ಅದೇ ತೋಟಾದ ಇನ್ನೂ ಗಿಡ್ಡ ಬಂದೂಕು ಬಂತು. ನಳಿಗೆ ೧೯ ಅಂಗುಲದ ಒಳಗೆ, ತೂಕ ಏಳು ಪೌಂಡು. ಬಿದಿರುಮೆಳೆಗಳ ನಡುವೆ ನುಸುಳುವವನಿಗೆ ಇದು ವರವಲ್ಲವೆ? ಆದರೆ ಇಲ್ಲಿ ಬೇರೊಂದು ಬೆಲೆ ತೆರಬೇಕಾಯಿತು. ಗುಂಡು ಬೇಗ ಹೊರಬೀಳುವುದರಿಂದ, ಅದರ ಹಿಂದೆಯೇ ಇನ್ನೂ ಹೆಚ್ಚು ಒತ್ತಡದ, ಇನ್ನೂ ಹೆಚ್ಚು ಬಿಸಿಯ ಅನಿಲ ಬಾಯಿಂದ ನುಗ್ಗುತ್ತದೆ. ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುತ್ತದೆ. ನಳಿಗೆಯೊಳಗೆ ವೇಗವಾಗಬೇಕಾಗಿದ್ದ ಶಕ್ತಿ ಹೊರಗೆ ಬೆಳಕೂ ಸದ್ದೂ ಆಗುತ್ತದೆ. ಕತ್ತಲ ಕಾಡಿನಲ್ಲಿ ಆ ಬೆಳಕು ಏನು ಮಾಡುತ್ತದೆ, ಯೋಚಿಸಿ. ಹೊಡೆದವನ ಕಣ್ಣಿಗೇ ಕತ್ತಲೆ ಕವಿಯುತ್ತದೆ. ಶತ್ರುವಿಗೆ ಅವನು ಎಲ್ಲಿದ್ದಾನೆಂದು ಬೆರಳಿಟ್ಟು ತೋರಿಸಿದಂತಾಗುತ್ತದೆ. ಅದನ್ನು ಮರೆಮಾಡಲು ನಳಿಗೆಯ ತುದಿಗೆ ಆಲಿಕೆಯಂಥ ಒಂದು ಮುಚ್ಚಳಿಕೆ ಇಟ್ಟರು. ಬಂದೂಕು ಹಗುರವಾದ್ದರಿಂದ ಒದೆತವೂ ಹೆಚ್ಚು. ಹೆಗಲಿಗೆ ರಬ್ಬರಿನ ಮೆತ್ತೆ ಕೊಟ್ಟರೂ ಸಿಪಾಯಿಗಳು ಆ ಒದೆತವನ್ನು ಮರೆಯಲಿಲ್ಲ.

ಇತ್ತೀಚಿನ ಉದಾಹರಣೆ ಬೇಕೆಂದರೆ ರಷ್ಯದ ಕಲಾಶ್ನಿಕೋವ್ ಬಂದೂಕುಗಳನ್ನು ನೋಡಿ. ೧೯೭೪ರ ಮಾದರಿಯ ನಳಿಗೆ ೪೧೫ ಮಿಲಿಮೀಟರು. ಗುಂಡಿನ ವೇಗ ಸೆಕೆಂಡಿಗೆ ೯೦೦ ಮೀಟರು. ಅದರದೇ ಮೋಟು ರೂಪ ಒಂದಿದೆ, ಟ್ಯಾಂಕಿನೊಳಗೆ ಕೂರುವವರಿಗೂ ವಾಹನ ನಡೆಸುವವರಿಗೂ ಆಗುವಂಥದು. ಅದರ ನಳಿಗೆ ೨೦೬ ಮಿಲಿಮೀಟರು, ವೇಗ ೭೩೫ ಮೀಟರು. ನಳಿಗೆ ಅರ್ಧವಾದರೆ ನೂರಕ್ಕೆ ಹದಿಮೂರು ಹೋಗುತ್ತದೆಂದು ರಾಬಿನ್ಸನ ಲೆಕ್ಕ. ಇಲ್ಲಿ ಹದಿನೆಂಟು ಹೋಗಿದೆ. ನಿಧಾನವಾಗಿ ಉರಿಯುವ ಹೊಸ ಮದ್ದು, ಹರಡುತ್ತ ತಣ್ಣಗಾಗುವ ಅನಿಲ, ಇವನ್ನೆಲ್ಲ ನೆನೆದರೆ ಮುದುಕನ ಲೆಕ್ಕ ಅಷ್ಟೇನೂ ತಪ್ಪಿಲ್ಲ. ಆದರೆ ಹದಿನೆಂಟು ಎಂದು ಹಗುರಾಗಿ ಎಣಿಸಬೇಡಿ. ಶಕ್ತಿಯಲ್ಲಿ ಅದು ಮೂರರಲ್ಲಿ ಒಂದು ಪಾಲು. ಚಿಕ್ಕ ಹಗುರ ಗುಂಡಿಗೆ ವೇಗವೇ ಬಂಡವಾಳ. ಬಂಡವಾಳದಲ್ಲಿ ಮೂರನೆಯ ಪಾಲನ್ನು ಬಾಗಿಲಲ್ಲಿಯೇ ಬಿಟ್ಟು ಹೊರಟ ವ್ಯಾಪಾರಿ ಎಷ್ಟು ದೂರ ಹೋದಾನು?

ಇನ್ನೊಂದು ಕಡೆಯ ಮಾತು ಉಳಿಯಿತು. ನಳಿಗೆಯನ್ನು ಉದ್ದ ಮಾಡುತ್ತ ಹೋದರೆ ವೇಗ ಕೂಡುತ್ತಲೇ ಇರುತ್ತದೆಯೆ? ಇಲ್ಲ. ಗುಂಡು ನಳಿಗೆಗೆ ಉಜ್ಜಿಕೊಂಡು ಹೋಗುತ್ತದೆ. ಮುಂದಿರುವ ಗಾಳಿಯನ್ನೂ ತಳ್ಳಬೇಕು. ಅನಿಲದ ನೂಕು ಇಳಿಯುತ್ತ ಇಳಿಯುತ್ತ ಈ ತಡೆಗೆ ಸಮನಾದ ಮೇಲೆ ಪ್ರತಿ ಅಂಗುಲವೂ ನಷ್ಟವೇ. ಚಿಟಿಕೆ ಮದ್ದಿನ ಪಾಯಿಂಟ್ ಟೂ ಟೂ ತೋಟಾದಲ್ಲಿ ಈ ಘಟ್ಟ ೧೬ ಅಂಗುಲದಿಂದಾಚೆ ಸ್ವಲ್ಪದರಲ್ಲಿಯೇ ಬಂದುಬಿಡುತ್ತದೆ. ಎನ್‌.ಸಿ.ಸಿ.ಯಲ್ಲಿ ಆ ಬಂದೂಕು ಹಿಡಿದ ಹುಡುಗರು ನಿಮ್ಮ ಮನೆಯಲ್ಲಿದ್ದರೆ ಕೇಳಿ: ನಳಿಗೆ ಉದ್ದವೇ ಇರುತ್ತದೆ, ಅದು ವೇಗಕ್ಕಾಗಿ ಅಲ್ಲ. ಮದ್ದು ಹೆಚ್ಚಿದಂತೆ ಆ ಘಟ್ಟ ಮುಂದೆ ಮುಂದೆ ಹೋಗುತ್ತದೆ. ೧೯೧೮ರಲ್ಲಿ ಜರ್ಮನರು ಪ್ಯಾರಿಸ್ ನಗರದ ಮೇಲೆ ನೂರಿಪ್ಪತ್ತು ಕಿಲೋಮೀಟರು ದೂರದಿಂದ ಹೊಡೆದ ಫಿರಂಗಿಯ ನಳಿಗೆ ೩೪ ಮೀಟರು ಉದ್ದ, ನಮ್ಮ ಒಂದು ತೆಂಗಿನ ಮರವನ್ನೂ ಮೀರಿದ್ದು. ಗುಂಡಿಗಿಂತ ಹೆಚ್ಚು ತೂಕದ ಮದ್ದು. ಸೆಕೆಂಡಿಗೆ ೧,೬೦೦ ಮೀಟರಿನಷ್ಟು ವೇಗ ಬಂತು. ಆದರೆ ನಳಿಗೆ ತನ್ನ ಭಾರಕ್ಕೆ ತಾನೇ ಜೋಲುತ್ತಿತ್ತು. ಮೇಲಿನಿಂದ ಬಿಗಿದು ನಿಲ್ಲಿಸಬೇಕಾಯಿತು. ಒಂದೊಂದು ಹೊಡೆತಕ್ಕೂ ಒಳಮೈ ಸವೆಯುತ್ತಿದ್ದುದರಿಂದ ಗುಂಡುಗಳಿಗೆ ಕ್ರಮಸಂಖ್ಯೆ ಹಾಕಿ, ಒಂದಕ್ಕಿಂತ ಒಂದನ್ನು ತುಸು ದಪ್ಪವಾಗಿ ಮಾಡಿ, ಸಾಲು ತಪ್ಪದೆ ಹೊಡೆಯುತ್ತಿದ್ದರು.

ವೇಗಕ್ಕಾಗಿ ಅಲ್ಲದಿದ್ದರೆ ಹುಡುಗರ ಆ ಬಂದೂಕಿಗೆ ಉದ್ದ ನಳಿಗೆ ಏತಕ್ಕೆ? ಗುರಿಗಾಗಿ. ಹಿಂದಿನ ಗುರಿಗಂಡಿಗೂ ತುದಿಯ ಗುರಿಮೊಳೆಗೂ ನಡುವಿನ ದೂರ ಹೆಚ್ಚಿದಷ್ಟೂ ಹಿಡಿತದ ಸಣ್ಣ ತಪ್ಪು ಗುರಿಯಲ್ಲಿ ಸಣ್ಣದಾಗಿಯೇ ಉಳಿಯುತ್ತದೆ. ಆ ದೂರ ೧೫ ಅಂಗುಲವಿದ್ದಲ್ಲಿ ಕಣ್ಣು ಒಂದು ಎಳೆಯಷ್ಟು ತಪ್ಪಿದರೆ ಆಗುವ ಅಂತರ, ೩೦ ಅಂಗುಲವಿದ್ದಲ್ಲಿ ಅರ್ಧವೇ. ಮುಂದೆ ಭಾರವಿರುವುದರಿಂದ ಕೋವಿ ಅಲುಗುವುದೂ ಕಡಿಮೆ.

ಇದನ್ನು ತಿಳಿದ ಮೇಲೆ ನನಗೆ ಮಾವನ ಸಂಗತಿ ಹೊಸದಾಗಿ ಹೊಳೆಯಿತು. ಆಯುಧಪೂಜೆಯ ಮರುದಿನ ಅವರ ಊರಿನಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ ಇತ್ತು. ಮಾವ ಬಹುಕಾಲ ಅದರಲ್ಲಿ ಗೆಲ್ಲುತ್ತಿದ್ದರು. “ಈಡು ಬಲ, ಅದಕ್ಕೇ ಕಾಯಿ ಒಡೀತದೆ” ಎನ್ನುತ್ತಿದ್ದರು. ಬೇರೆಯವರ ಈಡೇನೂ ಬಲದಲ್ಲಿ ಕಡಿಮೆಯಿರಲಿಲ್ಲ. ಅವರ ಈಡುಗಳು ಕಾಯಿಯ ಪಕ್ಕದಲ್ಲಿ ಹೋಗುತ್ತಿದ್ದವು, ಅಷ್ಟೆ. ಆ ನಲವತ್ತೆರಡು ಅಂಗುಲ ಅವರಿಗೆ ಕೊಟ್ಟದ್ದು ವೇಗಕ್ಕಿಂತ ಹೆಚ್ಚಾಗಿ ಗುರಿಯನ್ನು.

ಇದನ್ನೆಲ್ಲ ಅತ್ತೆಯ ಮುಂದೆ ಲಕೋಟೆಯೊಂದರ ಹಿಂಬದಿಯಲ್ಲಿ ಲೆಕ್ಕ ಬರೆದು ವಿವರಿಸಿದೆ. ಕೇಳಿಸಿಕೊಂಡು, “ಅವರಿದ್ದಾಗ ಹೇಳಿದ್ರೆ ಎರಡು ದಿನ ಜಗಳ ಆಡ್ತಿದ್ರು” ಎಂದರು. ಕೋವಿಯ ಪರವಾನಗಿ ಈಗ ಅವರ ಮಗನ ಹೆಸರಿನಲ್ಲಿದೆ. ಅಟ್ಟದ ಮೇಲೆ ಅದು ಈಗಲೂ ಮೂಲೆಯಿಂದ ಮೂಲೆಗೇ ಮಲಗಿದೆ.